ಪೊನ್ನಂಪೇಟೆಗೆ ಮಾತ್ರ ತೆರೆದ ಬಾಗಿಲು

ಗೋಣಿಕೊಪ್ಪಲಿನ ನಮ್ಮ ಸಣ್ಣ ಆಫೀಸಿನಲ್ಲಿ ಒಂದು ಉಬುಂಟು ಸರ್ವರ್ ಇದೆ. ಅದರಲ್ಲಿ ವೆಬ್ ಪುಟಗಳನ್ನು ಒದಗಿಸುವ ತಂತ್ರಾಂಶ, ಅಪಾಚೆ 2.4. ನಾಲ್ಕು ಕಾಫಿ ತೋಟದ ರೈಟರ್‌ಗಳು (ತೋಟದ ಲೆಕ್ಕ ಬರೆಯುವವರು) ದಿನಾ ಬೆಳಿಗ್ಗೆ ಮಳೆ ಲೆಕ್ಕವನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಅಲ್ಲಿನ ಒಂದು ಪುಟದಲ್ಲಿ ತುಂಬುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಸಮಯದಲ್ಲಿ ಒಂದು ದಿನದ ಲೆಕ್ಕ ಬಾರದಿದ್ದರೂ ಸಾಹುಕಾರರಿಗೆ ತಳಮಳ. ಎಷ್ಟು ಬಿತ್ತು ಅಂತ ನೋಡಿಯೇ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನುವ ತೀರ್ಮಾನ.

ಮಾರ್ಚ್‌ನಲ್ಲಿ ಆ ಪುಟಕ್ಕೆ ಪಾಸ್‌ವರ್ಡ್ ಹಾಕಿದೆ. 'ರೈಟರ್ಸ್' ಗ್ರೂಪಿನವರಿಗೆ ಮಾತ್ರ ಪ್ರವೇಶ. ಮರುದಿನವೇ ಕುಟ್ಟದಿಂದ ಫೋನ್.

"ಅಣ್ಣ, ಪಾಸ್‌ವರ್ಡ್ ಹಾಕಿದ್ರೆ ಪುನಃ ಅದೇ ಬಾಕ್ಸ್ ಬರ್ತದೆ."

ಸಿದ್ದಾಪುರ, ಪಾಲಿಬೆಟ್ಟದ್ದೂ ಅದೇ ಕಥೆ. ಪೊನ್ನಂಪೇಟೆಯವರು ಮಾತ್ರ ಸಲೀಸಾಗಿ ಒಳಗೆ ಹೋಗಿದ್ದರು. ಪೊನ್ನಂಪೇಟೆ ನಮ್ಮ ಪಕ್ಕದಲ್ಲೇ ಇದೆ, ಸಿಗ್ನಲ್ ಚೆನ್ನಾಗಿದೆ. ಕುಟ್ಟ ಕೇರಳದ ಗಡಿ. ನೆಟ್‌ವರ್ಕ್ ತೊಂದರೆಯೇ ಇರಬೇಕು ಅಂದುಕೊಂಡು ಅರ್ಧ ದಿನ ಸುಮ್ನೆ ಕಳೆದೆ. ಈಗ ನೆನೆದರೆ ನಾಚಿಕೆ. ಸಿಗ್ನಲ್ ಇಲ್ಲದಿದ್ದರೆ ಬಾಕ್ಸ್ ತಾನೇ ಹೇಗೆ ಬರುತ್ತದೆ, ಅಲ್ವಾ?

ಆಮೇಲೆ ಪಾಸ್‌ವರ್ಡ್ ಮೇಲೆ ಅನುಮಾನ. ಪಾಸ್‌ವರ್ಡ್ ಫೈಲನ್ನು ನೋಡಿಕೊಳ್ಳುವ ಎಚ್‌ಟಿಪಾಸ್‌ವರ್ಡ್ (htpasswd) ಕಮಾಂಡಿಗೆ 'ವಿ' ಆಯ್ಕೆ ಕೊಟ್ಟರೆ ಏನನ್ನೂ ಬದಲಿಸದೆ ಪಾಸ್‌ವರ್ಡ್ ಸರಿಯಿದೆಯೇ ಅಂತ ಹೇಳುತ್ತದೆ. ನಾಲ್ಕೂ ಸರಿ. (ಇಲ್ಲಿ 'ಸಿ' ಒತ್ತಬೇಡಿ. ಅದು ಫೈಲನ್ನೇ ಹೊಸದಾಗಿ ಬರೆಯುತ್ತದೆ, ಹಳಬರೆಲ್ಲ ಮಾಯ. ಹಿಂದೊಮ್ಮೆ ನನಗೆ ಆಗಿದೆ.)

ಕೊನೆಗೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಸರ್ವರ್ ತನ್ನ ತೊಂದರೆಗಳನ್ನು ಬರೆದಿಡುವ ಎರರ್ ಲಾಗ್ ತೆರೆದೆ. ಪಾಸ್‌ವರ್ಡ್ ತಪ್ಪಿದ್ದರೆ 'ಎಎಚ್01617, ಪಾಸ್‌ವರ್ಡ್ ಮಿಸ್‌ಮ್ಯಾಚ್' ಅಂತ ಇರಬೇಕಿತ್ತು. ಇದ್ದದ್ದು 'ಎಎಚ್01631, ಆಥರೈಸೇಶನ್ ಫೇಲ್ಯೂರ್'. ಅಂದರೆ ಬಂದವರು ಯಾರು ಅಂತ ಅಪಾಚೆಗೆ ಗೊತ್ತಾಗಿದೆ, ಆದರೂ ಒಳಗೆ ಬಿಡುತ್ತಿಲ್ಲ. ಕಿರಿಕಿರಿ ಏನೆಂದರೆ, ಗ್ರೂಪಿನಲ್ಲಿ ಹೆಸರಿಲ್ಲದಿದ್ದರೂ ಅದು 403 (ನಿಮಗೆ ಅನುಮತಿ ಇಲ್ಲ) ಕೊಡುವುದಿಲ್ಲ, 401 (ಮೊದಲು ಗುರುತು ಹೇಳಿ) ಕೊಡುತ್ತದೆ. ಬ್ರೌಸರ್ ಪಾಪ, ಪಾಸ್‌ವರ್ಡ್ ತಪ್ಪಿತೆಂದುಕೊಂಡು ಮತ್ತೆ ಬಾಕ್ಸ್ ತೋರಿಸುತ್ತದೆ.

ಖಾತ್ರಿಗೆಂದು ಸೆಟ್ಟಿಂಗ್‌ನಲ್ಲಿ 'ರಿಕ್ವಯರ್ ಗ್ರೂಪ್' (ಗ್ರೂಪಿನವರು ಮಾತ್ರ) ಸಾಲು ತೆಗೆದು 'ರಿಕ್ವಯರ್ ವ್ಯಾಲಿಡ್-ಯೂಸರ್' (ಪಾಸ್‌ವರ್ಡ್ ಸರಿಯಿದ್ದವರೆಲ್ಲ) ಹಾಕಿದೆ. ನಾಲ್ವರೂ ಒಳಗೆ! ಹಾಗಾದರೆ ತಪ್ಪು ಗ್ರೂಪ್ ಫೈಲಿನಲ್ಲೇ. ತೆರೆದು ನೋಡಿದೆ:

ರೈಟರ್ಸ್: ಕುಟ್ಟ, ಸಿದ್ದಾಪುರ, ಪಾಲಿಬೆಟ್ಟ, ಪೊನ್ನಂಪೇಟೆ

ಎರಡು ಸಲ ಓದಿದರೂ ಕಾಣಲಿಲ್ಲ. ಮೂರನೇ ಸಲ ಕಣ್ಣಿಗೆ ಬಿತ್ತು, ಕಾಮಾ. ಈ ಫೈಲಿನಲ್ಲಿ ಹೆಸರುಗಳ ನಡುವೆ ಬರೀ ಜಾಗ ಇರಬೇಕು. ಕಾಮಾ ಹಾಕಿದರೆ ಅದೂ ಹೆಸರಿಗೇ ಅಂಟಿಕೊಳ್ಳುತ್ತದೆ. ಅಪಾಚೆ ಹುಡುಕುತ್ತಿದ್ದದ್ದು ಕುಟ್ಟವನ್ನು, ಗ್ರೂಪಿನಲ್ಲಿ ಅದಕ್ಕೆ ಸಿಕ್ಕಿದ್ದು ಬಾಲವಿರುವ 'ಕುಟ್ಟ,'. ಬಾಲವಿಲ್ಲದ ಹೆಸರು ಸಾಲಿನ ಕೊನೆಯದೊಂದೇ, ಪೊನ್ನಂಪೇಟೆ.

ಮೂರು ಕಾಮಾ ಅಳಿಸಿದೆ. 'ರಿಕ್ವಯರ್ ಗ್ರೂಪ್' ಮತ್ತೆ ಹಾಕಿ, ವ್ಯಾಲಿಡ್-ಯೂಸರ್ ಸಾಲನ್ನು ಮರೆಯದೆ ತೆಗೆದೆ. ಎರಡೂ ಹಾಗೇ ಇದ್ದರೆ ಯಾವುದಾದರೂ ಒಂದು ಒಪ್ಪಿದರೆ ಸಾಕು, ಗ್ರೂಪಿಗೆ ಬೆಲೆಯೇ ಇರುವುದಿಲ್ಲ. ಅಪಾಚೆಯನ್ನು ರೀಲೋಡ್ ಮಾಡಿ ಕುಟ್ಟಕ್ಕೆ ಫೋನ್ ಮಾಡಿದೆ.

"ಆಯ್ತು ಅಣ್ಣ, ಹೋಯ್ತು," ಅಂದರು. "ಎರಡು ದಿನದ್ದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಒಟ್ಟಿಗೆ ಹಾಕ್ಲಾ?"