ಮಾಳಿಗೆ ಮೇಲಿಂದ ಆಲ್ಗಾಲ್ ಅಳೆದದ್ದು

ದೀಪಾವಳಿ ಕಳೆದರೆ ವಿಜಯಪುರದ ಆಕಾಶ ತಿಳಿಯಾಗುತ್ತದೆ. ಕೃತ್ತಿಕೆಯಿಂದ ಉತ್ತರಕ್ಕೆ ಕಣ್ಣು ಹಾಯಿಸಿದರೆ ಆಲ್ಗಾಲ್ ಎಂಬ ನಕ್ಷತ್ರ ಊರ ಬೆಳಕಿನಲ್ಲೂ ಸಿಗುತ್ತದೆ. ಕಾಣುವುದು ಒಂದೇ ಚುಕ್ಕಿ, ಇರುವುದು ಪರಸ್ಪರ ಸುತ್ತುವ ಎರಡು ನಕ್ಷತ್ರ. (ದೂರದಲ್ಲಿ ಮೂರನೆಯದೂ ಇದೆ, ಅದು ಇಲ್ಲಿ ಬೇಡ.) 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂದ ನಕ್ಷತ್ರ ಪ್ರಖರವಾದದ್ದಕ್ಕೆ ಅಡ್ಡ ಬಂದು ಗ್ರಹಣವಾಗುತ್ತದೆ, ಚುಕ್ಕಿ ಮಂಕಾಗುತ್ತದೆ. ಜಾನ್ ಗುಡ್ರಿಕ್ ಎಂಬ ಕಿವಿ ಕೇಳದ ಹುಡುಗ ಬರಿಗಣ್ಣಿನಲ್ಲೇ ಗಮನಿಸಿ 1783ರಲ್ಲಿ ಈ ಅವಧಿಯನ್ನು ತಿಳಿಸಿದ. ಅವನಿಗೆ ಆಗ ಹದಿನೆಂಟು!

ನಾನು ಮಾಳಿಗೆ ಮೇಲೆ ಟ್ರೈಪಾಡ್ ಇಟ್ಟು, 50 ಎಂ.ಎಂ. ಲೆನ್ಸಿನಲ್ಲಿ ಐದೈದು ಸೆಕೆಂಡಿನ ಫೋಟೋ ತೆಗೆದೆ. ಫೋಕಸ್ ಬೇಕಂತಲೇ ಸ್ವಲ್ಪ ಕೆಡಿಸಬೇಕು. ಬೆಳಕು ಹೆಚ್ಚು ಪಿಕ್ಸೆಲ್‌ಗಳಿಗೆ ಹರಡುತ್ತದೆ, ಯಾವುದೂ ತುಂಬಿ ಹೋಗುವುದಿಲ್ಲ. ಜೆಪೆಗ್ ಬೇಡವೇ ಬೇಡ, ಕ್ಯಾಮೆರಾ ಅದರಲ್ಲಿ ಬೆಳಕನ್ನು ತಿದ್ದಿರುತ್ತದೆ. ಹಾಗೆ ತಿದ್ದದ ರಾ ಫೈಲಿನ ಹಸಿರು ಭಾಗ ತೆಗೆದುಕೊಂಡು, ಅದೇ ಚಿತ್ರದಲ್ಲಿರುವ ಡೆಲ್ಟಾ ಪರ್ಸಿ ಎಂಬ ನಕ್ಷತ್ರದ ಜೊತೆ ಹೋಲಿಸಿದೆ. ಪಕ್ಕದ ರೋ ಪರ್ಸಿ ಹೋಲಿಕೆಗೆ ಬರಲ್ಲ, ಅದರ ಬೆಳಕೇ ಏರಿಳಿಯುತ್ತದೆ. ಒಂದೇ ಫೋಟೋ ನಂಬಬಾರದು, ನಕ್ಷತ್ರ ಮಿನುಗುತ್ತದಲ್ವಾ? ಹತ್ತಾರು ಫೋಟೋಗಳ ಸರಾಸರಿ ಒಂದು ಬಿಂದು.

ಗ್ರಹಣ ಸುಮಾರು ಹತ್ತು ಗಂಟೆ. ಪೂರ್ತಿ ಒಂದೇ ರಾತ್ರಿಯಲ್ಲಿ ಸಿಗುವುದು ಕಷ್ಟ. ಆದರೆ ಮೂರು ದಿನಕ್ಕೊಮ್ಮೆ ಅದು ಮೂರು ಗಂಟೆಯಷ್ಟು ಮುಂಚೆ ಬರುತ್ತದೆ. ಹಾಗಾಗಿ ಬೇರೆ ಬೇರೆ ರಾತ್ರಿಯ ತುಣುಕುಗಳನ್ನು ಅವಧಿಗೆ ಸರಿಯಾಗಿ ಒಂದರ ಮೇಲೊಂದು ಕೂರಿಸಿದೆ. ವಕ್ರರೇಖೆ ಮೂಡಿತು: 2.1 ಮ್ಯಾಗ್ನಿಟ್ಯೂಡ್‌ನಿಂದ 3.4ಕ್ಕೆ (ಇದು ನಕ್ಷತ್ರದ ಪ್ರಖರತೆಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ). ಅಂದರೆ ಬೆಳಕಿನಲ್ಲಿ ಶೇ. 70 ಮಾಯ! ಪ್ರಖರ ನಕ್ಷತ್ರ ಮಂದವಾದದ್ದಕ್ಕೆ ಅಡ್ಡ ಬಂದಾಗಿನ ಇಳಿತ ಮಾತ್ರ ನನ್ನ ಬಿಂದುಗಳ ಚದುರುವಿಕೆಯಲ್ಲೇ ಮುಚ್ಚಿಹೋಯಿತು. ಅದೂ ಒಂದು ಮಾಹಿತಿಯೇ. ಮರೆಯಾದದ್ದು ಅಷ್ಟು ತಣ್ಣಗಿನ ನಕ್ಷತ್ರ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಗ್ರಹಣದ ಅಗಲ. 69 ಗಂಟೆಯ ಸುತ್ತಿನಲ್ಲಿ 10 ಗಂಟೆ ಗ್ರಹಣವಾದರೆ, ಗ್ರಹಣದ ನಡುವಿನಿಂದ ಅಂಚಿಗೆ ಕಕ್ಷೆಯಲ್ಲಿ 26 ಡಿಗ್ರಿ. ಅದರ ಸೈನ್ 0.44. ಕಕ್ಷೆ ನಮಗೆ ಅಂಚು ತೋರಿಸುತ್ತಿದೆ ಎಂದುಕೊಂಡರೆ, ಎರಡೂ ತ್ರಿಜ್ಯಗಳ ಮೊತ್ತ ಅವುಗಳ ನಡುವಿನ ದೂರದ 0.44 ಪಾಲು. ಕಕ್ಷೆ ಕೊಂಚ ವಾಲಿದೆ, ಅದನ್ನೂ ಸೇರಿಸಿದರೆ 0.46 ಆಗುತ್ತದೆ. ಖಗೋಳ ವಿಜ್ಞಾನಿಗಳ ಲೆಕ್ಕದಲ್ಲಿ ತ್ರಿಜ್ಯಗಳು ಸೂರ್ಯನ ಸುಮಾರು 2.7 ಮತ್ತು 3.5 ಪಟ್ಟು, ದೂರ ಸೂರ್ಯನ ತ್ರಿಜ್ಯದ 13.7 ಪಟ್ಟು. ಭಾಗಿಸಿ ನೋಡಿ, ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಕಿಲೋಮೀಟರ್ ಮತ್ತು ತೂಕ ಬೇಕೆಂದರೆ ಕ್ಯಾಮೆರಾ ಸಾಲದು, ರೋಹಿತದಿಂದ (ಬಣ್ಣಗಳಾಗಿ ಬಿಡಿಸಿದ ಬೆಳಕಿನಿಂದ) ವೇಗ ಅಳೆಯಬೇಕು.