ನಲವತ್ತು ದಾಟಿದ ಮ್ಯಾಲ ಎಡಿಎಚ್‌ಡಿ ಅಂತ ಗೊತ್ತಾದ್ರ ಮನ್ಯಾನವ್ರು ಏನ್ ಮಾಡಬೇಕು?

ನಮ್ಮ ಮನಿಯವ್ರಿಗೆ ಎಡಿಎಚ್‌ಡಿ, ಅಂದ್ರ ಲಕ್ಷ್ಯ ಒಂದ ಕಡೆ ನಿಲ್ಲದ, ಸುಮ್ನ ಕೂಡಾಕ ಆಗದ ತೊಂದ್ರಿ ಐತಿ ಅಂತ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರಿ ಡಿಮ್ಹಾನ್ಸ್‌ನ್ಯಾಗ ಹೇಳಿದಾಗ ಅವ್ರಿಗೆ 41 ವರ್ಷ. ಬಾಗಲಕೋಟಿ ನವನಗರದಾಗ ಅಂಗಡಿ ಐತ್ರಿ ನಮ್ದು, ಗಿರಾಕಿ ಜೋಡಿ ಮಾತಾಡಾಕ ಇವ್ರ ಕೈ ಹಿಡಿಯೋರಿಲ್ಲ, ಆದ್ರ ಲೆಕ್ಕದ ಬುಕ್ ತಗದ್ರಂದ್ರ ಹತ್ತು ನಿಮಿಷಕ್ಕ ಎದ್ದು ಹೋಗಿ ಹೊರಗ ಸ್ಕೂಟರ್ ತೊಳಕೋತ ನಿಂತಿರ್ತಾರ. ಹದಿನೈದು ವರ್ಷ ನಾನು ಇದಕ್ಕ ಮೈಗಳ್ಳತನ ಅಂದೆ, ಅತ್ತಿಯವ್ರು ಉಡಾಳತನ ಅಂದ್ರು.

ಮೊದಲು ಸರಿಯಾಗಿ ಟೆಸ್ಟ್ ಮಾಡಸ್ರಿ. ರೀಲ್ಸ್ ನೋಡಿ ನನಗೂ ಐತಿ ಅನ್ನೋರು ಈಗ ಗಲ್ಲಿಗೊಬ್ರು ಅದಾರ. ಡಬ್ಲ್ಯೂಎಚ್‌ಒದ್ದು ಆರು ಪ್ರಶ್ನೆಯ ಫಾರ್ಮ್ ಐತಲ್ಲ, ಅದು ಬರೇ ಜರಡಿ ಇದ್ದಂಗ. ಲಕ್ಷಣ 12 ವರ್ಷದ ಒಳಗ ಶುರುವಾಗಿರಬೇಕು, ಮನ್ಯಾಗೂ ಕಾಣಬೇಕು ಕೆಲಸದಾಗೂ ಕಾಣಬೇಕು, ಥೈರಾಯ್ಡು, ನಿದ್ದಿ, ಡಿಪ್ರೆಶನ್ ಇವನ್ನೂ ಡಾಕ್ಟರ್ ನೋಡ್ತಾರ. ಅದಕ್ಕ ಸಣ್ಣವ್ರಿದ್ದಾಗ ಕಂಡವ್ರನ್ನ ಕರ್ಕೊಂಡು ಹೋಗ್ರಿ. ನಾವು ಅತ್ತಿಯವ್ರನ್ನ ಕರ್ಕೊಂಡು ಹೋಗಿದ್ವಿ, ಜೋಡಿ ಒಂದು ಮಾರ್ಕ್ಸ್‌ಕಾರ್ಡ್, ಹಳೇ ಊರು ಹಿನ್ನೀರಾಗ ಮುಳುಗೂ ಮುಂದ ಟ್ರಂಕಿನ್ಯಾಗ ಹಾಕ್ಕೊಂಡು ಬಂದಿದ್ದು, ನಾಲ್ಕನೇತ್ತೆದ್ದು. ಕೆಂಪು ಪೆನ್ನಿಲೆ ಬರದಿತ್ತು, "ಬುದ್ಧಿ ಇದೆ, ಲಕ್ಷ್ಯ ಇಲ್ಲ." ಎಲ್ಲಿ ತೋರಿಸೂದು ತಿಳೀದಿದ್ರ 14416ಕ್ಕ ಫೋನ್ ಹಚ್ರಿ, ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಾಗ ಮಾತಾಡ್ತಾರ.

ಗೊತ್ತಾದ ಮ್ಯಾಲ ಸ್ವಲ್ಪ ದಿನ ಸುಮ್ನಿರ್ರಿ. ಸಮಾಧಾನ, ಸಿಟ್ಟು, ಅಳು ಎಲ್ಲಾ ಒಮ್ಮೆಲೇ ಬರ್ತಾವ. ಇವ್ರು ಎರಡು ದಿನ ಬಾಯಿ ಬಿಡಲಿಲ್ಲ, ಮೂರನೇ ರಾತ್ರಿ ತಾಟಿನ ಮುಂದ ಕುಂತು, ಟೆಂತ್‌ನ್ಯಾಗ ಗೊತ್ತಾಗಿದ್ರ? ಅಂದ್ರು. ನನ್ನ ಕಡೆ ಉತ್ತರ ಇರಲಿಲ್ಲ, ರೊಟ್ಟಿ ನೀಡಿದೆ. "ಮರವು ಎಲ್ಲಾರಿಗೂ ಇರತೈತಿ ಬಿಡ್ರಿ" ಅಂತ ಮಾತ್ರ ಅನಬ್ಯಾಡ್ರಿ.

ಇನ್ನ ಮನಿ ಕೆಲಸ. ಇವ್ರ ತಲ್ಯಾಗ ಎರಡೇ ಟೈಮ್, ಈಗ ಮತ್ತ ಆಮ್ಯಾಲ, ಆ ಆಮ್ಯಾಲ ಅನ್ನೂದು ಯಾವತ್ತೂ ಬರೂದಿಲ್ಲ. ಕಣ್ಣಿಗೆ ಬೀಳದ್ದು ನೆನಪಿಂದನೂ ಬಿದ್ದಂಗನ. ಹಂಗಾಗಿ "ನೆನಪೈತೇನ್ರಿ" ಅಂತ ನಾಲ್ಕು ಸಲ ಕೇಳೂದು ಬಿಟ್ಟು ಬಾಗಲ ಚೌಕಟ್ಟಿಗೆ ಒಂದು ಮೊಳಿ ಹೊಡದೆ, ಕೀಲಿ ಅದಕ್ಕ, ಬ್ಯಾರೆ ಎಲ್ಲೂ ಇಲ್ಲ. ಕರೆಂಟ್ ಬಿಲ್ ದಾಡಿ ಮಾಡೂ ಕನ್ನಡಿಗೆ ಹಚ್ತೀನಿ. ಎಲ್ಲಾಕ್ಕಿಂತ ಉಪಯೋಗ ಬಿದ್ದಿದ್ದು ಒಂದು ಸಣ್ಣ ಕೆಲಸ, ರವಿವಾರ ರಾತ್ರಿ ಅವ್ರು ಜಿಎಸ್‌ಟಿ ಲೆಕ್ಕಕ್ಕ ಕುಂತಾಗ ನಾನು ಎದುರಿಗೆ ಶೇಂಗಾ ಸುಲಕೋತ ಕೂಡ್ತೀನಿ, ಮಾತಿಲ್ಲ ಕತಿ ಇಲ್ಲ, ಅಷ್ಟಕ್ಕ ಒಂದು ತಾಸು ಎದ್ದು ಹೋಗೂದಿಲ್ಲ! ಹಂಗಂತ ಎಲ್ಲಾ ನೀವ ಹೊತಗೊಂಡು ಅವ್ರ ಸೆಕ್ರೆಟರಿ ಆಗಬ್ಯಾಡ್ರಿ, ಆರು ತಿಂಗಳದಾಗ ನಿಮಗ ಸಾಕಾಗಿ ಹೋಗತೈತಿ.

ಗುಳಿಗಿ ವಿಚಾರ ಡಾಕ್ಟರ್‌ಗೆ ಬಿಡ್ರಿ, ಕೊಡೂ ಮುಂಚೆ ಬಿಪಿ, ಹಾರ್ಟ್ ಕೇಳ್ತಾರ. ಮೀಥೈಲ್‌ಫೆನಿಡೇಟ್ ಅನ್ನೂ ಗುಳಿಗಿ ಬರದ್ರ ಅದು ಶೆಡ್ಯೂಲ್ ಎಕ್ಸ್, ಅಂದ್ರ ಬಿಗಿ ಕಾಯ್ದೆ ಇರೂ ಔಷಧ ಪಟ್ಟಿಯಾಗಿಂದು, ಡಾಕ್ಟರ್ ಚೀಟಿ ಎರಡು ಪ್ರತಿ ಬೇಕು, ಒಂದು ಅಂಗಡ್ಯಾವ್ರು ಎರಡು ವರ್ಷ ಇಟಗೋಬೇಕು, ಎಲ್ಲಾ ಮೆಡಿಕಲ್‌ನ್ಯಾಗ ಸಿಗೂದೂ ಇಲ್ಲ. ಮುಗಿಯೂ ಒಂದು ವಾರ ಮುಂಚೇನ ತರ್ರಿ, ಯಾಕಂದ್ರ ಗುಳಿಗಿ ಮುಗಿದಿದ್ದೂ ಇವ್ರು ಮರೀತಾರ. ಅಟೊಮಾಕ್ಸೆಟಿನ್ ಅನ್ನೂ ಇನ್ನೊಂದು ಗುಳಿಗಿ ಆದ್ರ ಗುಣ ತೋರಿಸಾಕ ಕೆಲವು ವಾರ ಬೇಕು, ನಾಲ್ಕು ದಿನಕ್ಕ ಬಿಡಸಬ್ಯಾಡ್ರಿ.

ಇದು ವಂಶದಾಗ ಇಳೀತೈತಂತ, ಡಾಕ್ಟರ್ ನಮ್ಮ ಮಗನ ಬಗ್ಗೆನೂ ಕೇಳಿದ್ರು. ಹೋದ ವಾರ ಮೂರನೇ ಕಂಪಾಸ್ ಬಾಕ್ಸ್ ಕಳಕೊಂಡು ಬಂದು ಬಾಗಲದಾಗ ನಿಂತಿದ್ದ, ಬೈತಾಳ ಅಂತ. ಮುಂದಿನ ಸಲ ಧಾರವಾಡಕ್ಕ ಹೋಗೂವಾಗ ಅವನನ್ನೂ ಕರ್ಕೊಂಡು ಹೊಂಟೀವಿ.