ಬ್ರಾಂಜರ್ ಕೊಳ್ಳುವ ಮುಂಚೆ ಬಾಗಿಲ ಬೆಳಕಿಗೆ ಬನ್ನಿ

"ಬಿಸಿಲಲ್ಲಿ ತಿರುಗಬೇಡ, ಕಪ್ಪಾಗ್ತೀಯ" ಅಂತ ಬೈಸಿಕೊಂಡೇ ಬೆಳೆದವರು ನಾವು. ದಾವಣಗೆರೆ ಬಿಸಿಲು ಗೊತ್ತಲ್ಲ, ಏಪ್ರಿಲ್-ಮೇ ಬಂತೆಂದರೆ 38, 40 ಡಿಗ್ರಿ. ಅಂಥ ಊರಲ್ಲಿ ದುಡ್ಡು ಕೊಟ್ಟು ಮುಖಕ್ಕೆ ಬ್ರಾಂಜರ್ ಎಂಬ ಕಂದು ಪುಡಿ ಬಳಿದುಕೊಳ್ಳುವುದನ್ನು ನೋಡಿದರೆ ಮನೆಯ ಅಜ್ಜಿಯರಿಗೆ ನಗು ಬರುವುದು ಸಹಜ. ಅವರ ನಗುವಿನಲ್ಲಿ ನ್ಯಾಯವೂ ಇದೆ. ಬ್ರಾಂಜರ್ ಹುಟ್ಟಿದ್ದು ಬಿಸಿಲಿಗೆ ಆಸೆಪಡುವ ದೇಶಗಳಲ್ಲಿ. ಫ್ರಾನ್ಸಿನ ಗೆರ್ಲಾನ್ ಕಂಪನಿ 1984ರಲ್ಲಿ 'ಟೆರಾಕೋಟಾ' ಎಂಬ ಬ್ರಾಂಜಿಂಗ್ ಪೌಡರ್ ತಂದಿತು. ಬಿಸಿಲಲ್ಲಿ ಕೂರದೆಯೇ ಬಿಸಿಲು ಕಾಯಿಸಿಕೊಂಡು ಬಂದ ಮೈಬಣ್ಣ ಕೊಡುವುದು ಅದರ ಕೆಲಸ. ಆ ಕೆಲಸವನ್ನು ನಮ್ಮೂರ ಸೂರ್ಯ ಪುಕ್ಕಟೆ ಮಾಡಿಕೊಡುತ್ತಾನೆ.

ನಮಗೆ ಬ್ರಾಂಜರ್ ಬೇಕಾಗುವುದು ಬೇರೆ ಕಾರಣಕ್ಕೆ. ಮದುವೆ, ರಿಸೆಪ್ಷನ್ ಅಂತ ಫೌಂಡೇಶನ್ ಹಚ್ಚುತ್ತೇವೆ. ಹಚ್ಚಿದ ಮೇಲೆ ಹಣೆ, ಕೆನ್ನೆ, ಗಲ್ಲ ಎಲ್ಲ ಒಂದೇ ಬಣ್ಣವಾಗಿ ಮುಖ ಚಪ್ಪಟೆಯಾಗಿ ಕಾಣುತ್ತದೆ. ಹೋದ ಕಳೆಯನ್ನು ಕೆನ್ನೆಗೆ, ಹಣೆಯ ಅಂಚಿಗೆ ಸ್ವಲ್ಪ ವಾಪಸ್ ತರಲು ಬ್ರಾಂಜರ್. ಸರಿಯಾದದ್ದು ಸಿಕ್ಕರೆ ಹಚ್ಚಿದ್ದೇ ಗೊತ್ತಾಗುವುದಿಲ್ಲ. ತಪ್ಪಿದ್ದು ಸಿಕ್ಕರೆ ಮುಖ ತೊಳೆದಿಲ್ಲವೇನೋ ಅನ್ನಿಸುತ್ತದೆ.

ಆಯ್ಕೆ ತಪ್ಪುವುದು ಎಲ್ಲಿ ಅಂದರೆ, ನಾವು ಬಣ್ಣ ಎಷ್ಟು ಗಾಢ ಅಂತ ಮಾತ್ರ ನೋಡುತ್ತೇವೆ. ನೋಡಬೇಕಾದದ್ದು ಆ ಕಂದು ಯಾವ ಕಡೆ ವಾಲುತ್ತದೆ ಅನ್ನುವುದನ್ನು. ಕೆಂಪಿಗೋ, ಹಳದಿಗೋ, ಬೂದಿಗೋ? ಮಂಡಿಪೇಟೆಯ ಮ್ಯಾಚಿಂಗ್ ಸೆಂಟರ್‌ಗೆ ಸೀರೆ ಹಿಡಿದು ಹೋದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಂಗಡಿಯವನು ಕಂದು ಬಣ್ಣದ ಐದಾರು ಬ್ಲೌಸ್ ಪೀಸ್ ಎಳೆದು ಹಾಕುತ್ತಾನೆ. ಟ್ಯೂಬ್‌ಲೈಟ್ ಕೆಳಗೆ ಎಲ್ಲವೂ ಒಂದೇ. ಆಗ ಸೀರೆಯನ್ನೂ ಪೀಸನ್ನೂ ಹಿಡಿದು ಬಾಗಿಲಿಗೆ ಬರುತ್ತೇವೆ ಅಲ್ವಾ? ಅಲ್ಲಿ ನೋಡಿದರೆ ಒಂದರಲ್ಲಿ ಕೆಂಪು ಎದ್ದಿರುತ್ತದೆ, ಇನ್ನೊಂದರಲ್ಲಿ ಹಸಿರು. ಬ್ರಾಂಜರ್ ಆರಿಸುವುದೂ ಹಾಗೇ. ಇಲ್ಲಿ ಸೀರೆಯ ಬದಲು ನಿಮ್ಮ ಚರ್ಮ, ಅಷ್ಟೇ.

ಮೊದಲು ನಿಮ್ಮ ಒಳಬಣ್ಣ

ಅಂಡರ್‌ಟೋನ್ ಅನ್ನುವುದು ಚರ್ಮದ ಒಳಬಣ್ಣ. ಮೇಲ್ಬಣ್ಣ ಬಿಸಿಲಿಗೆ ಏರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ. ಒಳಬಣ್ಣ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹಳದಿ, ಬಂಗಾರದ ಕಡೆ ಇದ್ದರೆ ವಾರ್ಮ್. ಗುಲಾಬಿ, ಕೆಂಪು, ನೀಲಿ ಕಡೆ ಇದ್ದರೆ ಕೂಲ್. ಎರಡೂ ಸಮ ಇದ್ದರೆ ನ್ಯೂಟ್ರಲ್. ಹಳದಿಯಲ್ಲಿ ತುಸು ಹಸಿರು ಬೆರೆತಂತಿದ್ದರೆ ಆಲಿವ್. ಬೆಳ್ಳಗಿದ್ದವರು ಕೂಲ್, ಕಪ್ಪಗಿದ್ದವರು ವಾರ್ಮ್ ಅಂತ ಬ್ಯೂಟಿ ಪಾರ್ಲರ್‌ಗಳಲ್ಲೂ ಹೇಳುವವರಿದ್ದಾರೆ. ಅದು ಸುಳ್ಳು. ಕಪ್ಪು ಮೈಬಣ್ಣದಲ್ಲಿ ಕೂಲ್ ಇರುತ್ತದೆ, ಹಾಲಿನಂಥ ಬಿಳಿಯಲ್ಲಿ ವಾರ್ಮ್ ಇರುತ್ತದೆ. ಎಣ್ಣೆಗೆಂಪಿನಲ್ಲಂತೂ ನಾಲ್ಕೂ ಸಿಗುತ್ತವೆ.

ಕಂಡುಹಿಡಿಯುವುದು ಹೀಗೆ. ಮುಖ ತೊಳೆದು, ಉಜ್ಜದೆ ಒತ್ತಿ ಒರೆಸಿ, ಹದಿನೈದು ನಿಮಿಷ ಸುಮ್ನೆ ಬಿಡಿ. ಉಜ್ಜಿದ ಚರ್ಮ ಕೆಂಪೇರಿರುತ್ತದೆ, ಅದನ್ನು ನೋಡಿ ತೀರ್ಮಾನ ಮಾಡಬಾರದು. ಬೆಳಿಗ್ಗೆ ಒಂಬತ್ತು-ಹತ್ತರ ಹೊತ್ತಿಗೆ ನೇರ ಬಿಸಿಲು ಬೀಳದ ಬಾಗಿಲಲ್ಲಿ ಕನ್ನಡಿ ಹಿಡಿದು ನಿಲ್ಲಿ. ಪಕ್ಕದ ಗೋಡೆಗೆ ಗಿಳಿಹಸಿರೋ ಗುಲಾಬಿಯೋ ಬಳಿದಿದ್ದರೆ ಆ ಬಣ್ಣ ಮುಖಕ್ಕೆ ಹೊಡೆಯುತ್ತದೆ, ಜಾಗ ಬದಲಿಸಿ. ಇನ್ನೊಂದು ಎಚ್ಚರಿಕೆ: ಮನೆಯಲ್ಲಿ ಅರಿಶಿನ ಶಾಸ್ತ್ರ ಆಗಿದ್ದರೆ ಎರಡು ಮೂರು ದಿನ ಈ ಪರೀಕ್ಷೆಯನ್ನೇ ಮಾಡಬೇಡಿ. ಅರಿಶಿನದ ಹಳದಿ ಒಂದು ತೊಳೆತಕ್ಕೆ ಪೂರ್ತಿ ಹೋಗುವುದಿಲ್ಲ. ಆಗ ಯಾರನ್ನು ನೋಡಿದರೂ ವಾರ್ಮ್ ಅನ್ನಿಸುತ್ತಾರೆ.

ಈಗ ಗಲ್ಲದ ಕೆಳಗೆ ಒಮ್ಮೆ ಅಚ್ಚ ಬಿಳಿ ಬಟ್ಟೆ ಹಿಡಿಯಿರಿ, ಒಮ್ಮೆ ಕ್ರೀಮ್ ಬಣ್ಣದ್ದು. ಬಿಳಿಯ ಪಕ್ಕದಲ್ಲಿ ಮುಖ ತಿಳಿಯಾಗಿ, ಕ್ರೀಮ್ ಪಕ್ಕದಲ್ಲಿ ಮಂಕಾಗಿ ಕಂಡರೆ ಕೂಲ್. ಉಲ್ಟಾ ಆದರೆ ವಾರ್ಮ್. ಎರಡೂ ಒಪ್ಪಿದರೆ ನ್ಯೂಟ್ರಲ್. ಸಾಸಿವೆ ಹಳದಿ ಮತ್ತು ರಾಣಿ ಪಿಂಕ್ ಪೀಸುಗಳಿದ್ದರೆ ಅದರಲ್ಲೂ ನೋಡಿ. ಸಾಸಿವೆ ಹಳದಿ ವಾರ್ಮ್‌ಗೆ ಒಪ್ಪುತ್ತದೆ, ರಾಣಿ ಪಿಂಕ್ ಕೂಲ್‌ಗೆ.

ಎಲ್ಲರೂ ಹೇಳುವ ಇನ್ನೆರಡು ಪರೀಕ್ಷೆಗಳಿವೆ. ಒಂದು, ಮಣಿಕಟ್ಟಿನ ನರ ನೋಡುವುದು: ಹಸಿರಾದರೆ ವಾರ್ಮ್, ನೀಲಿಯಾದರೆ ಕೂಲ್. ಬಿಳಿ ಚರ್ಮಕ್ಕೆ ಇದು ಸರಿ ಹೋಗಬಹುದು. ಕಂದು ಚರ್ಮದ ಕೆಳಗೆ ತುಂಬಾ ಜನರಿಗೆ ನರ ಹಸಿರಾಗಿಯೇ ಕಾಣುತ್ತದೆ, ಗಾಢ ಬಣ್ಣದವರಿಗೆ ಕಾಣುವುದೇ ಇಲ್ಲ. ಎರಡನೆಯದು, ಚಿನ್ನ ಒಪ್ಪುತ್ತದೋ ಬೆಳ್ಳಿಯೋ ಅನ್ನುವುದು. ಹುಟ್ಟಿದಾಗಿನಿಂದ ಕಿವಿಗೆ, ಕೊರಳಿಗೆ ಚಿನ್ನ ನೋಡಿದ ಕಣ್ಣಿಗೆ ಚಿನ್ನ ಒಪ್ಪದೆ ಇರುತ್ತದೆಯೇ? ನಾನು ಇವೆರಡನ್ನೂ ನೆಚ್ಚುವುದಿಲ್ಲ. ಅದಕ್ಕಿಂತ ಹಳೇ ಫೌಂಡೇಶನ್ ಕೇಳಿದರೆ ನಿಜ ಹೇಳುತ್ತದೆ. ಹಚ್ಚಿದ್ದೆಲ್ಲ ಕಿತ್ತಳೆಯಾಗಿ ಕಂಡಿದ್ದರೆ ನೀವು ಕೂಲ್ ಇರಬಹುದು. ಗುಲಾಬಿ ಮುಖವಾಡದಂತೆ ಕೂತಿದ್ದರೆ ವಾರ್ಮ್. ಒಂದು ಕಿತ್ತಳೆ, ಇನ್ನೊಂದು ಗುಲಾಬಿ, ಯಾವುದೂ ಸರಿಹೋಗಿಲ್ಲ ಅಂದರೆ ಬಹುಶಃ ಆಲಿವ್.

ಡಬ್ಬಿಯೊಳಗೆ ಏನಿದೆ

ಬ್ರಾಂಜರಿನ ಕಂದು ಬರುವುದು ಮುಖ್ಯವಾಗಿ ಮೂರು ಐರನ್ ಆಕ್ಸೈಡ್‌ಗಳಿಂದ. ಲೇಬಲ್‌ನಲ್ಲಿ ಸಿಐ (ಕಲರ್ ಇಂಡೆಕ್ಸ್, ಬಣ್ಣಕ್ಕೆ ಕೊಟ್ಟ ಸಂಖ್ಯೆ) 77491 ಅಂದರೆ ಕೆಂಪು, 77492 ಹಳದಿ, 77499 ಕಪ್ಪು. ಹೊಳಲ್ಕೆರೆ ಕಡೆಯ ಕೆಮ್ಮಣ್ಣು ಕೆಂಪಗಿರುವುದೂ ಐರನ್ ಆಕ್ಸೈಡಿನಿಂದಲೇ. ಮೇಕಪ್‌ಗೆ ಹಾಕುವುದನ್ನು ಮಾತ್ರ ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸುತ್ತಾರೆ. ಯಾವುದು ಎಷ್ಟು ಬೆರೆತಿದೆ ಅನ್ನುವುದರ ಮೇಲೆ ಕಂದು ಆ ಕಡೆ ಈ ಕಡೆ ವಾಲುತ್ತದೆ. ಲೇಬಲ್ ಓದಿದರೆ ಆ ಪ್ರಮಾಣ ತಿಳಿಯುವುದಿಲ್ಲ. ಬಣ್ಣಗಳ ಹೆಸರನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಹಾಗಾಗಿ ಕಣ್ಣನ್ನೇ ನಂಬಬೇಕು.

ಲೇಬಲ್‌ನಲ್ಲಿ ಸಿಐ 77891 ಇದ್ದರೆ ಅದು ಟೈಟೇನಿಯಂ ಡೈಆಕ್ಸೈಡ್, ಅಂದರೆ ಬಿಳಿ. ಇದು ಜಾಸ್ತಿ ಇರುವ ಪೌಡರ್ ಗಾಢ ಮೈಬಣ್ಣದ ಮೇಲೆ ಬೂದಿ ಬಳಿದಂತೆ ಕೂರುತ್ತದೆ. ಮೈಕಾ ಎಂಬ ಹೊಳೆಯುವ ಖನಿಜ ಮೊದಲ ಸಾಲಿನಲ್ಲೇ ಇದ್ದರೆ ಮಿನುಗುವ ಸಾಧ್ಯತೆ ಜಾಸ್ತಿ.

ಕಾಂಟೂರ್ ಪೌಡರನ್ನು ಬ್ರಾಂಜರ್ ಅಂತ ಕೊಡುವ ಅಂಗಡಿಗಳೂ ಇವೆ. ಕಾಂಟೂರ್ ಕೆಲಸ ನೆರಳು ತೋರಿಸುವುದು, ಅದಕ್ಕೇ ಅದರಲ್ಲಿ ಬೂದು ಬಣ್ಣ ಇರುತ್ತದೆ. ಅದನ್ನು ಕೆನ್ನೆಯ ಮೇಲೆಲ್ಲ ಹರಡಿದರೆ ಕಾಯಿಲೆ ಬಿದ್ದು ಎದ್ದವರಂತೆ ಕಾಣುತ್ತೀರಿ.

ಯಾರಿಗೆ ಯಾವುದು

ವಾರ್ಮ್ ಇದ್ದವರಿಗೆ ಜೇನು, ಕ್ಯಾರಮೆಲ್, ಬಂಗಾರ ಬೆರೆತ ಕಂದು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದೇ ಇದು, ಪುಣ್ಯವಂತರು. ನ್ಯೂಟ್ರಲ್‌ನವರು ತೀರಾ ಕಿತ್ತಳೆ, ತೀರಾ ಕೆಂಪು ಬಿಟ್ಟು ಏನು ಬೇಕಾದರೂ ನೋಡಬಹುದು.

ಕೂಲ್ ಇದ್ದವರು ಕಿತ್ತಳೆ ಕಡೆ ಹೋಗಲೇಬಾರದು. ತುಸು ಗುಲಾಬಿ ಬೆರೆತ ಕಂದು ಹುಡುಕಿ. ಬೆಳ್ಳಗಿದ್ದರೆ ತಿಳಿ ಕಂದು, ಗಾಢವಿದ್ದರೆ ಕೋಕೋ ಬಣ್ಣದಲ್ಲಿ ಸ್ವಲ್ಪ ವೈನ್ ಕೆಂಪು. ಕೂಲ್ ಅಂದ ಮಾತ್ರಕ್ಕೆ ಬೂದು ಬಣ್ಣ ತೆಗೆದುಕೊಳ್ಳಬೇಡಿ, ಅದು ಮತ್ತೆ ಕಾಂಟೂರ್ ಆಯಿತು.

ಆಲಿವ್‌ನವರ ಪಾಡು ಬೇರೆ. ಕಿತ್ತಳೆ ಹಚ್ಚಿದರೆ ತುಕ್ಕು ಹಿಡಿದಂತೆ, ಕೆಂಪು ಹಚ್ಚಿದರೆ ಕೆನ್ನೆ ಬಾತುಕೊಂಡಂತೆ. ಕೆಂಪು ಕಡಿಮೆ ಇರುವ, ಸ್ವಲ್ಪ ಖಾಕಿ ಕಡೆ ವಾಲುವ ಮಂಕು ಬಂಗಾರದ ಕಂದು ಇವರಿಗೆ ಒಪ್ಪುತ್ತದೆ. ಡಬ್ಬಿಯಲ್ಲಿ ನೋಡಿದಾಗ ಏನೂ ಚೆಂದ ಇರುವುದಿಲ್ಲ. ಅಂಗಡಿಯವರೂ ತೋರಿಸುವುದಿಲ್ಲ, ಕೇಳಿ ತೆಗೆಸಬೇಕು.

ಇನ್ನು ಗಾಢತೆ. ಗೋಧಿ ಬಣ್ಣದವರಿಗೆ ಚರ್ಮಕ್ಕಿಂತ ಒಂದು, ಹೆಚ್ಚೆಂದರೆ ಎರಡು ಶೇಡ್ ಗಾಢ ಸಾಕು. ಕಪ್ಪು ಮೈಬಣ್ಣದವರಿಗೆ ಈ ಲೆಕ್ಕ ನಡೆಯುವುದಿಲ್ಲ. ಇನ್ನೂ ಗಾಢ ಹಚ್ಚಿದರೆ ಕಾಣುವುದೇ ಇಲ್ಲ, ಇಲ್ಲವೇ ಕೊಳೆಯಂತೆ ಕಾಣುತ್ತದೆ. ಇಲ್ಲಿ ಗಾಢತೆಗಿಂತ ಬಣ್ಣದ ಕಸುವು ಮುಖ್ಯ. ಚರ್ಮದಷ್ಟೇ ಗಾಢವಿದ್ದು ಕೆಂಪೋ ತಾಮ್ರವೋ ಎದ್ದು ಕಾಣುವ ಕಂದು ಹಚ್ಚಿ ನೋಡಿ. ಮುಖಕ್ಕೆ ಬರುವ ಕಳೆಯೇ ಬೇರೆ. ನನ್ನನ್ನು ಕೇಳಿದರೆ, ಬ್ರಾಂಜರ್ ಅತಿ ಚೆನ್ನಾಗಿ ಒಪ್ಪುವುದು ಈ ಮೈಬಣ್ಣಕ್ಕೇ.

ಅಂಗಡಿಯಲ್ಲಿ

ಫ್ಯಾನ್ಸಿ ಸ್ಟೋರ್‌ನಲ್ಲಿ ಹುಡುಗ ನಿಮ್ಮ ಅಂಗೈ ಹಿಂಭಾಗಕ್ಕೆ ಒಂದು ಗೆರೆ ಎಳೆದು, "ಅಕ್ಕಾ, ಇದೇ ಎಲ್ರೂ ತಗೊಂಡು ಹೋಗೋದು" ಅನ್ನುತ್ತಾನೆ. ಆ ಗೆರೆಯನ್ನು ನಂಬಬೇಡಿ. ನಮ್ಮೂರಲ್ಲಿ ಸ್ಕೂಟಿ ಓಡಿಸುವವರು ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿರುತ್ತೇವೆ, ಕೈ ಮಾತ್ರ ಬಿಸಿಲಿಗೆ ಬಿದ್ದಿರುತ್ತದೆ. ಕೈಗೂ ಮುಖಕ್ಕೂ ಎರಡು ಶೇಡ್ ವ್ಯತ್ಯಾಸ ಇದ್ದರೂ ಆಶ್ಚರ್ಯವಿಲ್ಲ.

ಟೆಸ್ಟರ್ ಇದ್ದರೆ ಮೇಲಿನ ಪದರವನ್ನು ಟಿಶ್ಯೂನಿಂದ ಒರೆಸಿ, ಹತ್ತಿ ಕಡ್ಡಿಯಲ್ಲಿ ಪುಡಿ ತೆಗೆದು, ದವಡೆಯ ಅಂಚಿನಲ್ಲಿ ಕುತ್ತಿಗೆಯವರೆಗೆ ಎಳೆಯಿರಿ. ಎರಡು ಮೂರು ಶೇಡ್ ಪಕ್ಕಪಕ್ಕದಲ್ಲಿ ಹಚ್ಚಿ. ಮೊಬೈಲ್ ಕ್ಯಾಮೆರಾ ಬೇಡ, ಅದು ತನ್ನಿಷ್ಟಕ್ಕೆ ಬಣ್ಣ ತಿದ್ದುತ್ತದೆ. ಕೈಗನ್ನಡಿ ತೆಗೆದುಕೊಂಡು ಬಾಗಿಲಿಗೆ ಬನ್ನಿ. ಬೆರಳಿನಿಂದ ಹರಡಿದಾಗ ಅಂಚು ಕರಗಿ ಎಲ್ಲಿ ಶುರುವಾಯಿತು ಅಂತ ತಿಳಿಯದ ಗೆರೆ ಯಾವುದೋ ಅದೇ ನಿಮ್ಮದು.

ಆಗಲೇ ದುಡ್ಡು ಕೊಡಬೇಡಿ. ಮುಖದ ಜಿಡ್ಡು ಸೇರಿದ ಮೇಲೆ ಪೌಡರ್ ತುಸು ಗಾಢವಾಗಬಹುದು, ಕೆಲವದರಲ್ಲಿ ಕಿತ್ತಳೆ ಆಮೇಲೆ ಏಳುತ್ತದೆ. ಇಪ್ಪತ್ತು ನಿಮಿಷ ಹೊರಗೆ ತಿರುಗಿ ಬನ್ನಿ. ಬೆಣ್ಣೆ ದೋಸೆ ತಿನ್ನಿ, ಪರವಾಗಿಲ್ಲ. ಮಂಡಕ್ಕಿ-ಮೆಣಸಿನಕಾಯಿ ಮಾತ್ರ ಬೇಡ, ಖಾರಕ್ಕೆ ಮುಖ ಕೆಂಪಾಗಿ ಬೆವರಿಳಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಕೊಳ್ಳುವಾಗ ಪ್ಯಾಕಿನ ಮೇಲೆ ಬ್ಯಾಚ್ ನಂಬರ್, ಬಳಕೆಯ ಕೊನೇ ದಿನಾಂಕ ನೋಡಿ. ವಿದೇಶಿ ಮಾಲಾದರೆ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಲೇಬೇಕು ಎನ್ನುತ್ತದೆ 2020ರ ಸೌಂದರ್ಯವರ್ಧಕ ನಿಯಮ. ದುರ್ಗಾಂಬಿಕಾ ಜಾತ್ರೆಯ ಸಾಲಿನಲ್ಲಿ ದೊಡ್ಡ ಬ್ರಾಂಡಿನ ಡಬ್ಬಿ ಅಗ್ಗಕ್ಕೆ ಸಿಕ್ಕರೆ, ಬಳೆ ಕೊಂಡು ಮನೆಗೆ ಬನ್ನಿ. ಹೊಸ ಪೌಡರನ್ನು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ತುರಿಕೆ ಇಲ್ಲದಿದ್ದರೆ ಮುಖಕ್ಕೆ.

ಹಚ್ಚುವಾಗ

ಬೆವರಿನ ಮೇಲೆ ಪುಡಿ ಬಿದ್ದರೆ ಕಲೆಕಲೆಯಾಗಿ ಹಿಡಿದುಕೊಳ್ಳುತ್ತದೆ, ಆಮೇಲೆ ಹರಡಿದರೂ ಹೋಗದು. ಸನ್‌ಸ್ಕ್ರೀನ್, ಫೌಂಡೇಶನ್ ಆದ ಮೇಲೆ ಟಿಶ್ಯೂ ಒತ್ತಿ, ತೆಳ್ಳಗೆ ಲೂಸ್ ಪೌಡರ್ ಹಾಕಿ, ಆಮೇಲೆ ಬ್ರಾಂಜರ್. ದೊಡ್ಡ ಮೆತ್ತನೆ ಬ್ರಷ್ ಅದ್ದಿ, ಕೊಡವಿ, ಎರಡು ಮೂರು ಸಲ ತೆಳುವಾಗಿ. ಸಂಜೆ ರಿಸೆಪ್ಷನ್‌ಗಾದರೆ ಮಿನುಗಿಲ್ಲದ ಮ್ಯಾಟ್ ಇರಲಿ. ವಿಡಿಯೋ ಲೈಟಿಗೆ ಮಿನುಗೂ ಬೆವರೂ ಒಂದೇ ಥರ ಹೊಳೆಯುತ್ತವೆ.

ಹಣೆಯ ಪಕ್ಕದಿಂದ ಕೆನ್ನೆಗೆ, ಅಲ್ಲಿಂದ ದವಡೆಗೆ ಇಂಗ್ಲಿಷಿನ 3ರಂತೆ ಹಚ್ಚಿ ಅಂತ ಎಲ್ಲ ವಿಡಿಯೋಗಳಲ್ಲೂ ತೋರಿಸುತ್ತಾರೆ. ಅದನ್ನು ಕಣ್ಣುಮುಚ್ಚಿ ಮಾಡಬೇಡಿ. ನಮ್ಮಲ್ಲಿ ತುಂಬಾ ಜನರಿಗೆ ಹಣೆಯ ಅಂಚು, ಬಾಯಿಯ ಸುತ್ತ ಮೊದಲೇ ಗಾಢವಾಗಿರುತ್ತದೆ. ಅಲ್ಲಿ ಮತ್ತೆ ಕಂದು ಯಾಕೆ? ಕೆನ್ನೆ ಮೂಳೆಯ ಮೇಲೆ, ಮೂಗಿನ ಬೆನ್ನಿಗೆ ಚೂರು ಸಾಕು. ಬಂಗು ಇದ್ದವರು ಆ ಜಾಗ ಬಿಟ್ಟು ಹಚ್ಚಿ. ಬಂಗಿಗೆ ಬಿಸಿಲು ಆಗದು, ಸನ್‌ಸ್ಕ್ರೀನ್ ತಪ್ಪಿಸಬೇಡಿ. ಬ್ರಾಂಜರ್ ಅದರ ಬದಲಿಗೆ ಆಗುವುದಿಲ್ಲ.

ಕೆಲವು ತಿಂಗಳಾದ ಮೇಲೆ ಡಬ್ಬಿಯ ಪುಡಿ ಮೇಲೆ ಗಟ್ಟಿ ಪದರ ಕಟ್ಟಿ ಬ್ರಷ್‌ಗೆ ಹತ್ತುವುದೇ ಇಲ್ಲ. ಕೆಟ್ಟಿತು ಅಂತ ಎಸೆಯಬೇಡಿ, ಬ್ರಷ್‌ನಿಂದ ಹೋದ ಮುಖದ ಜಿಡ್ಡು ಅದು. ಸೆಲ್ಲೋಟೇಪ್ ಒತ್ತಿ ಎಳೆದರೆ ಪದರ ಕಿತ್ತು ಬರುತ್ತದೆ, ಕೆಳಗೆ ಹೊಸ ಪುಡಿ ಇರುತ್ತದೆ. ವಾರಕ್ಕೊಮ್ಮೆ ಬ್ರಷ್ ಅನ್ನು ಶಾಂಪೂ ಹಾಕಿ ತೊಳೆದು ನೆರಳಲ್ಲಿ ಒಣಗಿಸಿದರೆ ಆ ಪದರ ಬೇಗ ಕಟ್ಟುವುದಿಲ್ಲ.